ಇಲ್ಲದ ಮರಿಯ ಕೂಗು

ಚುರಿಯನ್ನು ನಾನು ಒಂದು ದಿನವೂ ಮುದ್ದು ಮಾಡಿದವಳಲ್ಲ. ಕುರಿ ಕಾಯುವ ನಾಯಿಯನ್ನು ಮುದ್ದು ಮಾಡಬಾರದು ಅಂತ ನಮ್ಮಲ್ಲಿ ಕಟ್ಟುನಿಟ್ಟು. ಕಣ್ಣು ಬಿಟ್ಟ ಸ್ವಲ್ಪ ದಿನಕ್ಕೇ ಅದನ್ನು ತಂದು ಕುರಿಮರಿಗಳ ದೊಡ್ಡಿಯಲ್ಲಿ ಬಿಟ್ಟುಬಿಡಬೇಕು. ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು, ಕುರಿಗಳೇ ಅದರ ಬಂಧುಬಳಗವಾಗಬೇಕು. ತಲೆ ನೇವರಿಸಿ, ಅಡುಗೆಮನೆಗೆ ಕರೆದು ಬಿಸ್ಕತ್ತು ಹಾಕಿದಿರೋ, ಕೆಟ್ಟಿತು. ಕುರಿ ಬಿಟ್ಟು ನಿಮ್ಮ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತಾ ಕೂರುತ್ತದೆ. ಹಾಗಾಗಿ ಆ ದೊಡ್ಡ ಬಿಳಿ ನಾಯಿಗೂ ನನಗೂ ದೂರದ ನಮಸ್ಕಾರವಷ್ಟೇ.

ಹಾಗಂತ ಪ್ರೀತಿ ಇಲ್ಲ ಅಂತಲ್ಲ. ಹಿಮಗಾಳಿ ಬೀಸುವಾಗ ನಾನು ಒಲೆಯ ಮುಂದೆ ಕಾಲು ಚಾಚಿ ಕೂತಿದ್ದರೆ, ಅದು ಹೊರಗೆ ಕುರಿಗಳ ನಡುವೆ ಮಲಗಿರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಮೈಮೇಲೆ ಕೂತ ಹಿಮ ಕೊಡವಿಕೊಂಡು ಏಳುತ್ತದೆ, ನನ್ನನ್ನು ಒಮ್ಮೆ ನೋಡಿ, ಇವಳಾ ಅಂದುಕೊಂಡು ಮತ್ತೆ ಕುರಿಗಳ ಕಡೆ ತಿರುಗುತ್ತದೆ. ನಾನು ಮದುವೆಯಾದವಳಲ್ಲ. ಅಪ್ಪ ಬಿಟ್ಟುಹೋದ ಕುರಿಗಳ ಜೊತೆ ನನಗೆ ಸರಿಹೋಯಿತು. ಈ ವಯೋಮಿಂಗ್ ಬಯಲಿನಲ್ಲಿ ನಾನು ಯಾರನ್ನು ನಂಬಿ ನಿದ್ದೆ ಮಾಡುತ್ತೇನೆ ಎಂದು ಕೇಳಿದರೆ, ಚುರಿಯನ್ನು ನಂಬಿ ಎನ್ನುತ್ತೇನೆ.

ಆ ಚುರಿಯ ಪ್ರಾಣಕ್ಕೆ ಸಂಚಕಾರ ತಂದವನು ಹಾರ್ಲನ್. ಬೇಕೆಂದೇ ಅಲ್ಲ. ಹಾರ್ಲನ್ ಪ್ರೂಯಿಟ್ ನನ್ನ ಪಕ್ಕದ ಜಮೀನಿನವನು, ಅವನೂ ಕುರಿ ಸಾಕುವವನೇ, ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಜಗಳವಾಡಿ ಬೆಳೆದವರು ನಾವು. ಮಾರ್ಚಿನಲ್ಲಿ ಕುರಿಗಳು ಮರಿ ಹಾಕಲು ಶುರು ಮಾಡಿದವು, ಅದೇ ಹೊತ್ತಿಗೆ ಒಂದು ಕಯೋಟಿಯೂ ಶುರು ಮಾಡಿತು. ಕಯೋಟಿ ಎಂದರೆ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು, ಬುದ್ಧಿಯಲ್ಲಿ ಮಾತ್ರ ಎರಡಕ್ಕೂ ಅಪ್ಪ. ಸಾಮಾನ್ಯಕ್ಕೆ ಅವು ಇಲಿ ಹಿಡಿದು, ಮೊಲ ಹಿಡಿದು ತಮ್ಮ ಪಾಡಿಗೆ ಇರುತ್ತವೆ. ಇದಕ್ಕೆ ಎಳೆಮರಿಯ ರುಚಿ ಹತ್ತಿತ್ತು. ಚುರಿ ಹಿಂಡಿನ ಈ ತುದಿಯಲ್ಲಿದ್ದರೆ ಆ ತುದಿಯಲ್ಲಿ ಒಂದು ಮರಿ ಮಾಯ. ನನ್ನ ಹಿಂಡಿನಲ್ಲಿ ಸಿಗದ ದಿನ ಹಾರ್ಲನ್ ಹಿಂಡಿಗೆ ಹೋಗುತ್ತಿತ್ತು.

ಹಾರ್ಲನ್ ಒಂದು ಬೆಳಿಗ್ಗೆ ನನ್ನ ಅಡುಗೆಮನೆಗೆ ಬಂದು, ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಕೂತ. ಟೋಪಿ ತೆಗೆದನೆಂದರೆ ಕೆಟ್ಟ ಸುದ್ದಿ ಎಂದು ನನಗೆ ಗೊತ್ತು.

"ಗಶುಶಾ, ವಿಷದ ಗೂಟ ನೆಡ್ತೀವಿ. ಎಲ್ರೂ ಒಪ್ಪಿದಾರೆ."

"ನಾನು ಒಪ್ಪಿಲ್ವಲ್ಲ."

"ನೀನು ಹುಟ್ಟಿದಾಗಿಂದ ಯಾವುದಕ್ಕಾದ್ರೂ ಒಪ್ಪಿದೀಯೇನೇ?"

ವಿಷದ ಗೂಟ ಎಂದರೆ ನೆಲದಲ್ಲಿ ನೆಟ್ಟ ಚೋಟುದ್ದದ ಕೊಳವೆ. ಅದರ ತಲೆಗೆ ವಾಸನೆಯ ಎರೆ ಸವರಿರುತ್ತಾರೆ. ಬಾಯಿ ಹಾಕಿ ಎಳೆದ ಪ್ರಾಣಿಯ ಗಂಟಲಿಗೆ ವಿಷ ಚಿಮ್ಮುತ್ತದೆ. ನೀನು ಕಯೋಟಿಯಾ, ನಾಯಿಯಾ ಅಂತ ಅದು ಕೇಳುವುದಿಲ್ಲ. ನೆಡುವುದು ಹೊಳೆಯಾಚೆಯ ಹುಲ್ಲುಗಾವಲಿನಲ್ಲಿ. ಅದು ಸುತ್ತಲ ನಾಲ್ಕಾರು ಮನೆಯವರು ಹಂಚಿಕೊಂಡು ಮೇಯಿಸುವ ಜಾಗ, ಹಿಮ ಕರಗಿದ ಮೇಲೆ ನಮ್ಮ ಕುರಿಗಳು ಹೋಗಲೇಬೇಕಾದ ಜಾಗ. ಕುರಿ ಹೋದಲ್ಲಿ ಚುರಿ ಹೋಗುತ್ತದೆ.

"ಚುರೀನ ಕಟ್ಟಿಹಾಕು," ಎಂದ ಹಾರ್ಲನ್.

"ಕುರಿ ಕಾಯೋರ್ಯಾರು ಆಮೇಲೆ? ನೀನು ಬಂದು ಬೊಗಳ್ತೀಯಾ?"

"ಹಾಗಾದ್ರೆ ನೀನೇ ದಾರಿ ಹೇಳು. ನಂಗೇನು ಆಸೆನಾ ಅದ್ನ ನೆಡೋಕೆ? ನನ್ ಮರೀನೂ ಹೋಗ್ತಿದಾವೆ ಕಣೇ."

ಅವನ ದನಿಯಲ್ಲಿ ನಿಜವಾದ ದುಃಖ ಇತ್ತು, ಅದೇ ನನಗೆ ಇನ್ನೂ ಸಿಟ್ಟು ತಂದಿತು. ಕೆಟ್ಟವನ ಜೊತೆ ಜಗಳ ಸುಲಭ.

"ನಾನೇ ಅದನ್ನ ಕರೆದು ಹೊಡೀತೀನಿ," ಎಂದುಬಿಟ್ಟೆ. "ಬೆತ್ತಿರಿ ಮಾವ ಕರೀತಿದ್ನಲ್ಲ, ಹಾಗೆ."

ಹಾರ್ಲನ್‌ಗೆ ಕಾಫಿ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡ. "ಗಶು, ಕಯೋಟಿ ಕರೆಯೋಕೆ ಸುಮ್ನೆ ಕೂರ್ಬೇಕು. ನೀನು ಚರ್ಚಲ್ಲೇ ಸುಮ್ನೆ ಕೂತಿದ್ದು ನಾನು ನೋಡಿಲ್ಲ."

ಆದರೂ ಹೋಗುವಾಗ ಬಾಗಿಲಲ್ಲಿ ನಿಂತು, ಕುರಿಗಳನ್ನು ಹೊಳೆ ದಾಟಿಸುವ ಹೊತ್ತಿನ ತನಕ ಕಾಯುತ್ತೇನೆ, ಅಷ್ಟರಲ್ಲಿ ಆದರೆ ಆಯಿತು, ಇಲ್ಲದಿದ್ದರೆ ತನ್ನನ್ನು ಬೈಯಬಾರದು ಎಂದ. ಬೈಯುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ.

ಬೆತ್ತಿರಿ ಮಾವ ನನ್ನಮ್ಮನ ತಮ್ಮ. ಮೀಸೆ ಮೂಡುವ ವಯಸ್ಸಿನಲ್ಲಿ ಫ್ರಾನ್ಸ್ ಗಡಿಯ ಬಾಸ್ಕ್ ಜನರ ಹಳ್ಳಿಯಿಂದ ಕುರಿ ಕಾಯಲೆಂದೇ ಇಲ್ಲಿಗೆ ಬಂದವನು. ಜೀವಮಾನವೆಲ್ಲ ಕುರಿಗಾರರ ಗಾಡಿಮನೆಯಲ್ಲಿ ಮಲಗಿ ರೂಢಿ. ಈಗ ಎಂಬತ್ತು ದಾಟಿದರೂ ನನ್ನ ಮನೆಯ ಹಿತ್ತಿಲಲ್ಲಿ ಆ ಗಾಡಿಯನ್ನೇ ನಿಲ್ಲಿಸಿಕೊಂಡು ಅದರೊಳಗೇ ಇದ್ದಾನೆ. ಮನೆಯ ಗೋಡೆಗಳ ಮಧ್ಯೆ ಮಲಗಿದರೆ ಗಾಳಿ ಎತ್ತಲಿಂದ ಬೀಸುತ್ತಿದೆ ಅಂತ ಗೊತ್ತಾಗುವುದಿಲ್ಲವಂತೆ. ಅವನ ಕಾಲದಲ್ಲಿ ಅವನಂತೆ ಪೀಪಿ ಊದಿ ಕಯೋಟಿ ಕರೆಯುವವರು ಈ ಸೀಮೆಯಲ್ಲೇ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರಿಗಿಂತ ಹೆಚ್ಚು ಅವನೇ ಹೇಳುತ್ತಾನೆ.

ನಾನು ವಿಷಯ ಹೇಳಿದಾಗ ಮಾವ ಬೀನ್ಸ್ ಬೇಯಿಸುತ್ತಿದ್ದ. ಸೌಟು ಕೆಳಗಿಟ್ಟ, ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟನ್ನು ತೆಗೆದು ನನ್ನ ಮುಖದ ಮುಂದೆ ಹಿಡಿದ. ಮತ್ತೆ ಹಾಕಿಕೊಂಡು, "ಪೀಪಿ ಕಚ್ಚಿ ಹಿಡಿಯೋಕೆ ಹಲ್ಲು ಬೇಕು. ಇದು ಊದಿದ್ರೆ ಪೀಪಿಗಿಂತ ಮುಂಚೆ ಹಾರುತ್ತೆ. ಊದೋಳು ನೀನೇ," ಎಂದ.

"ನಂಗೆ ಬರಲ್ಲ ಮಾವ."

"ಬರಲ್ಲ ಅಂತ ಗೊತ್ತು. ಅದಕ್ಕೇ ಕಲಿಸ್ತೀನಿ ಅನ್ನೋದು. ಬರೋಳಿಗೆ ಕಲಿಸೋಕೆ ನಂಗೇನು ಹುಚ್ಚಾ?"

ಪೀಪಿಯನ್ನು ಜೂನಿಪರ್ ಮರದಲ್ಲಿ ಅವನೇ ಕೆತ್ತಿದ್ದ. ಸರಿಯಾಗಿ ಊದಿದರೆ ಹದ್ದಿನ ಉಗುರಿಗೆ ಸಿಕ್ಕ ಮೊಲ ಚೀರುವ ದನಿ ಬರುತ್ತದೆ. ಹಸಿದ ಕಯೋಟಿಗೆ ಅದು ಊಟದ ಗಂಟೆ. ನಾನು ಊದಿದೆ. ಮಾವ ಕಣ್ಣು ಮುಚ್ಚಿ ಕೇಳಿದ.

"ಮೊಲ ಅಲ್ಲ ಇದು. ಬಾತುಕೋಳಿಗೆ ಶೀತ ಆಗಿದೆ."

ಪುಣ್ಯಕ್ಕೆ ಪೀಪಿ ಕೊನೆಯ ಪಾಠ ಎಂದ. ಮೊದಲ ಪಾಠ ಗಾಳಿ. ಬೇಲಿಗೆ ಸಿಕ್ಕಿದ್ದ ಒಂದು ಚಿಟಿಕೆ ಉಣ್ಣೆ ಕಿತ್ತು ಬಿಟ್ಟ, ಅದು ಎತ್ತ ತೇಲಿತೋ ಅತ್ತ ನೋಡು ಎಂದ. "ಕಯೋಟಿ ಕಿವೀನ ನಂಬಿ ಬರುತ್ತೆ, ಕಣ್ಣನ್ನ ನಂಬಿ ನಿಲ್ಲುತ್ತೆ, ಆದ್ರೆ ಕೊನೇಗೆ ಮೂಗಿನ ಮಾತೇ ಕೇಳೋದು. ಸುತ್ತಿ ಬಂದು ನಿನ್ ವಾಸನೆ ಎಲ್ಲಿ ಬೀಳುತ್ತೋ ಅಲ್ಲಿ ಮೂಗು ಇಡುತ್ತೆ. ಅಲ್ಲಿ ಬಟ್ಟಬಯಲು ಇರ್ಬೇಕು. ಪೊದೆ ಇದ್ರೆ ಕೆಟ್ಟೆ." ಪಿಕಪ್ಪನ್ನು ದಿನ್ನೆಯ ಹಿಂದೆಯೇ ಮರೆಸಿ ನಿಲ್ಲಿಸುವುದು, ಬಾಗಿಲನ್ನು ಮಗು ಮಲಗಿರುವ ಮನೆಯ ಬಾಗಿಲಿನಂತೆ ಮುಚ್ಚುವುದು, ದಿನ್ನೆಯ ನೆತ್ತಿಯ ಮೇಲೆ ನಿಲ್ಲದೆ ಬಗ್ಗಿ ದಾಟುವುದು, ಸೇಜ್ ಪೊದೆಗೆ ಬೆನ್ನು ಕೊಟ್ಟು ಕೂರುವುದು. ಬಂದೂಕಿಗೆ ಆಸರೆ ಅಂತ ವಿಲೋ ಮರದ ಎರಡು ಕೋಲನ್ನು ಕತ್ತರಿಯ ಹಾಗೆ ಕಟ್ಟಿಕೊಟ್ಟ. ಕೂತ ಮೇಲೆ ಕಣ್ಣುಗುಡ್ಡೆ ಬಿಟ್ಟು ಬೇರೇನೂ ಅಲ್ಲಾಡಬಾರದು, ಅದರಲ್ಲೂ ನಾಲಿಗೆ.

ಬಂದೂಕು ನನಗೆ ಹೊಸದಲ್ಲ. ಡಬ್ಬಿಗಳಿಗೆ, ಬುಸುಗುಡುವ ಹಾವುಗಳಿಗೆ ಹೊಡೆದು ಗೊತ್ತಿತ್ತು. ಸುಮ್ಮನಿರುವುದು ಹೊಸದು.

ಮೊದಲ ಸಲ ಕೂತಾಗ ಬೆಳಗಿನ ಬಿಸಿಲು ಆಗತಾನೆ ಹಿಮದ ಮೇಲೆ ಬಿದ್ದಿತ್ತು. ಮಾವ ನನ್ನ ಪಕ್ಕದಲ್ಲೇ, ಕುರಿಚರ್ಮ ಹೊದ್ದು ಕೂತಿದ್ದ. ಊದಿದೆ, ನಿಲ್ಲಿಸಿದೆ, ಮತ್ತೆ ಊದಿದೆ. ಮೂಗಿನ ತುದಿ ತುರಿಸತೊಡಗಿತು. ಆಮೇಲೆ ಕಾಲು ಜೋಮು ಹಿಡಿಯಿತು. ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಅಂತ ಅನುಮಾನ ಶುರುವಾಯಿತು. ಅಷ್ಟರಲ್ಲಿ ಪಕ್ಕದಿಂದ ಗೊರಗೊರ ಸದ್ದು.

"ಮಾವ! ಗೊರಕೆ ಹೊಡೀತಿದೀಯಾ!"

"ಹೊಡೀತಿಲ್ಲ. ಕಣ್ಮುಚ್ಚಿ ಕೇಳಿಸ್ಕೋತಿದ್ದೆ. ಈಗ ನೀನು ಕೂಗಿದ್ದು ಪಕ್ಕದ ಜಿಲ್ಲೆಗೂ ಕೇಳಿಸ್ತು."

ಬೈದಾಡಿಕೊಂಡೇ ಎದ್ದೆವು. ನಾಲ್ಕು ಹೆಜ್ಜೆ ಹಿಂದಕ್ಕೆ ಬಂದರೆ ಮಾವ ಗಕ್ಕನೆ ನಿಂತ. ನಾವು ಕೂತಿದ್ದ ಪೊದೆಯ ಹಿಂದೆಯೇ, ಹೊಸ ಹಿಮದ ಮೇಲೆ, ಕಯೋಟಿಯ ಹೆಜ್ಜೆ. ಕೊರಕಲಿನಿಂದ ಬಂದು, ನಮ್ಮ ಸುತ್ತ ಅರ್ಧ ಸುತ್ತು ಹಾಕಿ, ಕೂತು ನಮ್ಮ ಬೆನ್ನು ನೋಡಿ, ಬಂದ ದಾರಿಯಲ್ಲೇ ನಿಧಾನಕ್ಕೆ ವಾಪಸು ಹೋಗಿತ್ತು. ಓಡಿದ ಗುರುತೂ ಇರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

"ಕೂತ್ಕೊಂಡು ನಮ್ಮ ಜಗಳ ಕೇಳಿದೆ ಕಣೇ," ಎಂದ ಮಾವ, ಖುಷಿಯಿಂದ. "ಬಂತಲ್ಲ! ನಿನ್ನ ಬಾತುಕೋಳಿಗೂ ಬಂತು!"

ಆ ದಿನದಿಂದ ನನಗೆ ಹುಚ್ಚು ಹಿಡಿಯಿತು. ಬೆಳಿಗ್ಗೆ ಮರಿಗಳಿಗೆ ಹಾಲು ಕುಡಿಸಿ, ದೊಡ್ಡಿ ಗುಡಿಸಿ, ಹೋಗಿ ಕೂರುವುದು. ಮೂಗು ತುರಿಸಿದರೆ ತುರಿಸಲಿ ಎಂದು ಬಿಡಲು ಕಲಿತೆ. ಸುಮ್ಮನೆ ಕೂತವಳಿಗೆ ಬಯಲು ಬೇರೆಯೇ ಆಗಿ ಕಾಣತೊಡಗಿತು. ಮ್ಯಾಗ್‌ಪೈ ಹಕ್ಕಿಗಳು ಒಂದೇ ಪೊದೆಯ ಮೇಲೆ ಗಲಾಟೆ ಎಬ್ಬಿಸಿದರೆ ಅದರ ಕೆಳಗೆ ಯಾರೋ ನಡೆಯುತ್ತಿದ್ದಾರೆ ಎಂದು ತಿಳಿಯಿತು. ಬಿಸಿಲೇರಿದಂತೆ ಗಾಳಿ ಕೊರಕಲಿನಿಂದ ಮೇಲಕ್ಕೆ ತಿರುಗುವುದು ಕೆನ್ನೆಗೆ ಗೊತ್ತಾಗತೊಡಗಿತು. ಇಲ್ಲೇ ಹುಟ್ಟಿ ಇಲ್ಲೇ ಮುದುಕಿಯಾಗುತ್ತಿರುವ ನಾನು ಇದನ್ನೆಲ್ಲ ಇಷ್ಟು ದಿನ ಮಾತಿನಲ್ಲೇ ಮುಚ್ಚಿಹಾಕಿದ್ದೆನಲ್ಲ ಅನ್ನಿಸಿ ನಗು ಬಂತು. ಪೀಪಿಯೂ ಪಳಗಿತು. ಮಾವ ಬೈಯುವುದನ್ನು ನಿಲ್ಲಿಸಿದ. ಅದು ಅವನ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ.

ಆದರೆ ಕಯೋಟಿ ಮತ್ತೆ ಬರಲಿಲ್ಲ. ಹೆಜ್ಜೆ ಸಿಗುತ್ತಿತ್ತು, ಎಲ್ಲ ದೂರದಲ್ಲೇ. ಪೀಪಿ ಕೇಳಿದ ಕೂಡಲೇ ನಿಂತು, ತಿರುಗಿ ಹೋದ ಹೆಜ್ಜೆ. ಕಾರಣ ಮಾವನೇ ಕಂಡುಹಿಡಿದ. ಪಟ್ಟಣದ ಹುಡುಗರು ರಜಾದಿನ ಬಂದರೆ ಸಾಕು, ಮೊಲದ ಚೀರಾಟ ತುಂಬಿದ ಯಂತ್ರವನ್ನು ಬಯಲಲ್ಲಿಟ್ಟು, ಕಿವಿ ಕಿತ್ತುಹೋಗುವಂತೆ ಕೂಗಿಸಿ, ಸಿಕ್ಕಸಿಕ್ಕಲ್ಲಿ ಗುಂಡು ಹಾರಿಸಿ ಹೋಗುತ್ತಾರೆ.

"ಮೊಲ ಅಂದ್ರೆ ಸುಳ್ಳು ಅಂತ ಇಲ್ಲಿನ ಕಯೋಟಿಗೆಲ್ಲ ಪಾಠ ಆಗಿದೆ," ಎಂದ ಮಾವ. ಮೊದಲ ಬಾರಿಗೆ ಅವನ ದನಿ ಸೋತಂತಿತ್ತು.

ಮಾರನೆಯ ದಿನವೇ ಹಾರ್ಲನ್‌ನ ಇನ್ನೊಂದು ಮರಿ ಹೋಯಿತು. ಅವಳಿ ಮರಿಗಳಲ್ಲಿ ಚೆಂದದ್ದು. ಅವನು ಬೇಲಿಯ ಆಚೆಯಿಂದಲೇ ಹೇಳಿದ, ಈ ಸಲ ಟೋಪಿ ತೆಗೆಯಲೂ ಇಲ್ಲ. "ಹಿಮ ಕರಗ್ತಾ ಇದೆ ಗಶು. ಈ ಶನಿವಾರ ಗೂಟ ನೆಡ್ತೀನಿ. ನಾಯೀನ ಕಟ್ಟು. ದಯವಿಟ್ಟು ಕಟ್ಟು."

ಆ ಸಂಜೆ ನಾನು ದೊಡ್ಡಿಯ ಹೊರಗೆ ನಿಂತು ಚುರಿಯನ್ನು ನೋಡಿದೆ. ಆಗತಾನೆ ಹುಟ್ಟಿದ ಒಂದು ಮರಿ ಎದ್ದು ನಿಲ್ಲಲು ಹೋಗಿ, ಮುಗ್ಗರಿಸಿ ಚುರಿಯ ಮುಖದ ಮೇಲೆ ಬಿತ್ತು. ಚುರಿ ಕಣ್ಣು ಮುಚ್ಚಿಕೊಂಡು, ಬೀಳುವಷ್ಟು ಸಲ ಬೀಳಲಿ ಎಂದು ಮಲಗಿತ್ತು. ನನಗೆ ಅಳು ಬಂತು. ಗೂಟದ ತಲೆಗೆ ಸವರುವ ಎರೆಯ ವಾಸನೆ ಸತ್ತ ಮರಿಯ ವಾಸನೆಯ ಹಾಗೇ ಇರುತ್ತದೆ. ಚುರಿ ಮೂಸದೆ ಇರುತ್ತದೆಯೇ?

ಗುರುವಾರ ಬೆಳಿಗ್ಗೆ ಮಾವನನ್ನು ಕರೆದುಕೊಂಡು ಮತ್ತೆ ಹೋದೆ. ಬೇಸರಕ್ಕೋ ಏನೋ, ದೂರ ಹೋಗದೆ ಮಂದೆಯ ಹಿಂದಿನ ದಿನ್ನೆಯಲ್ಲೇ ಕೂತೆವು. ಪೀಪಿ ಊದಿದೆ. ಏನೂ ಇಲ್ಲ. ಮತ್ತೆ ಊದಿದೆ. ಏನೂ ಇಲ್ಲ. ರೇಗಿ ಪೀಪಿಯನ್ನು ಹಿಮದ ಮೇಲೆ ಎಸೆದು, ಸಿಟ್ಟಿಗೆ, ಗಂಟಲಿನಿಂದಲೇ ಮರಿಯ ಹಾಗೆ ಅರಚಿದೆ.

ಇದು ನಮಗೆ ಗೊತ್ತಿರುವ ಕೆಲಸ. ಹೊರಗೆ ಚಳಿಯಲ್ಲಿ ಕುರಿ ಮರಿ ಹಾಕಿದರೆ, ಆ ಹಸಿಮರಿಯ ಮುಂಗಾಲು ಹಿಡಿದು, ನೆಲಕ್ಕೆ ತಾಗುವಷ್ಟು ಕೆಳಗೆ ತೂಗಾಡಿಸುತ್ತಾ, ಮರಿ ಸುಮ್ಮನಿದ್ದರೆ ನಾವೇ ಮರಿಯ ಹಾಗೆ ಅರಚುತ್ತಾ ಹಿಂದುಹಿಂದಕ್ಕೆ ನಡೆಯುತ್ತೇವೆ. ತಾಯಿಕುರಿ ಆ ದನಿ ಹಿಡಿದು ದೊಡ್ಡಿಯ ಒಳಗೆ ಬರುತ್ತದೆ. ಮಾತು ಕಲಿಯುವ ಮುಂಚೆಯೇ ನಾನು ಇದನ್ನು ಕಲಿತವಳು. ಎಷ್ಟು ಚೆನ್ನಾಗಿ ಎಂದರೆ, ತಾಯಂದಿರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅವತ್ತೂ ಗೊತ್ತಾಗಲಿಲ್ಲ. ದಿನ್ನೆಯ ಆಚೆಯಿಂದ ಒಂದು ಬ್ಯಾ ಬಂತು. ಆಮೇಲೆ ಹತ್ತು. ಆಮೇಲೆ ಭೂಮಿ ಅದುರಿತು. ಮರಿ ಹಾಕಿದ ಅಷ್ಟೂ ಕುರಿಗಳು, ತಮ್ಮ ಮರಿಯೇ ಎಂದುಕೊಂಡು, ಕೆಚ್ಚಲು ತೂಗಾಡಿಸುತ್ತಾ ದಿನ್ನೆಯ ಮೇಲಿನಿಂದ ನಮ್ಮ ಮೇಲೆ ಇಳಿದವು. ಅವುಗಳ ಹಿಂದೆ ನಿಜವಾದ ಮರಿಗಳು. ಎಲ್ಲಕ್ಕಿಂತ ಮುಂದೆ, ಹಲ್ಲು ಕಿರಿದುಕೊಂಡು, ಯಾರನ್ನಾದರೂ ಸಿಗಿದುಹಾಕುವ ವೇಗದಲ್ಲಿ ಚುರಿ. ನನ್ನನ್ನು ಕಂಡು ನಿಂತಿತು. ಅದರ ಮುಖದಲ್ಲಿ ಅಷ್ಟು ಬೇಸರ ನಾನು ಯಾವತ್ತೂ ಕಂಡಿರಲಿಲ್ಲ.

ಮಾವ ಕುರಿಗಳ ನಡುವೆ ಬಿದ್ದು ನಗುತ್ತಿದ್ದ. ಹಲ್ಲಿನ ಸೆಟ್ಟು ಹಾರಿ ಹಿಮದಲ್ಲಿ ಬಿತ್ತು, ಅದನ್ನು ಒಂದು ಕುರಿ ತುಳಿಯುವ ಮುಂಚೆ ನಾನು ಎತ್ತಿದೆ.

"ನಗು! ನಗು!" ಎಂದೆ. "ನನ್ ನಾಯಿ ಸಾಯುತ್ತೆ, ನೀನು ನಗು!"

ಅವನು ಹಲ್ಲು ಹಾಕಿಕೊಂಡ. ನಗು ನಿಂತಿತು. ನನ್ನ ಸುತ್ತ ಮರಿ ಹುಡುಕುತ್ತಿದ್ದ ಕುರಿಗಳನ್ನೇ ನೋಡಿದ.

"ಗಶು, ಮೊಲ ಸುಳ್ಳು ಅಂತ ಅದಕ್ಕೆ ಗೊತ್ತು. ಮರೀನೂ ಸುಳ್ಳು ಆಗ್ಬಹುದು ಅಂತ ಅದಕ್ಕೆ ಯಾರಾದ್ರೂ ಹೇಳಿದಾರಾ?"

ನಾನು ಹಿಮದ ಮೇಲೆ ಬಿದ್ದಿದ್ದ ಪೀಪಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

"ಇಷ್ಟು ಕಾಲ ಕರೆದೆ, ನಂಗೆ ಹೊಳೀಲೇ ಇಲ್ಲ ನೋಡು," ಎಂದ. "ಕುರಿ ಕಾಯೋರು ಮರಿ ದನಿ ತೆಗೆಯೋದು ತಾಯೀನ ಕರೆಯೋಕೆ ಮಾತ್ರ ಅಂತಿದ್ದೆ. ಬಾಯಿ ಮುಚ್ಚು ಮುಚ್ಚು ಅಂತ ನಿಂಗೆ ಬೈದೆನಲ್ಲ, ತಪ್ಪಾಯ್ತು. ನಿನ್ ಬಾಯೇ ಬೇಕಾಗಿತ್ತು."

ಶುಕ್ರವಾರ ಬಿರುಗಾಳಿ, ಏನೂ ಮಾಡುವಂತಿರಲಿಲ್ಲ. ಶನಿವಾರ ಬೆಳಿಗ್ಗೆ ಗಾಳಿ ಹದಕ್ಕೆ ಬಂತು. ಜಾಗವನ್ನು ನಾನೇ ಆರಿಸಿದೆ, ಮಾವ ತಲೆ ಆಡಿಸಿದ. ಮಂದೆ ಇರುವ ಕಡೆಯಿಂದ ನಮ್ಮ ಕಡೆಗೆ ಗಾಳಿ, ಮಧ್ಯೆ ಎರಡು ದಿನ್ನೆ, ಹಾಗಾಗಿ ನನ್ನ ದನಿ ಕುರಿಗಳಿಗೆ ಮುಟ್ಟುವುದಿಲ್ಲ. ಎಡಕ್ಕೆ ಕಯೋಟಿಯ ಕೊರಕಲು. ನನ್ನ ವಾಸನೆ ಬೀಳುವ ಕಡೆ ಪೊದೆಯೇ ಇಲ್ಲದ ಬಯಲು. ಚುರಿಯನ್ನು ದೊಡ್ಡಿಯಲ್ಲಿ ಕೂಡಿಹಾಕೋಣವೇ ಎಂದು ಮಾವ ಕೇಳಿದ. ಕೂಡಿಹಾಕಿದರೆ ಇವತ್ತೇ ಒಂದು ಮರಿ ಹೋಗುತ್ತದೆ, ಅದು ಮಂದೆಯ ಜೊತೆಯೇ ಇರಲಿ ಎಂದೆ.

ಮಾವ ಪಿಕಪ್ಪಿನಲ್ಲೇ ಉಳಿದ. "ನನ್ ಗೊರಕೆ ನಿಂಗೆ ಬೇಡ. ಬಂದಾಗ ಗಡಿಬಿಡಿ ಮಾಡ್ಬೇಡ. ಓಡ್ತಿದ್ರೆ ಒಂದ್ಸಲ ಅರಚು, ನಿಲ್ಲುತ್ತೆ. ನಿಂತಾಗ ಹೊಡಿ. ಹೋಗು ಮಗಳೇ," ಎಂದ. ಮಗಳೇ ಅಂತ ಅವನು ನನ್ನನ್ನು ಕರೆದದ್ದು ಅಪ್ಪ ಸತ್ತ ದಿನ ಒಮ್ಮೆ, ಇವತ್ತು ಒಮ್ಮೆ.

ಕೂತೆ. ಎದೆ ಬಡಿತ ಇಳಿಯುವ ತನಕ ಕಾದೆ. ಆಮೇಲೆ ಅರಚಿದೆ, ತಾಯಿ ತಪ್ಪಿದ ಮರಿಯ ಹಾಗೆ, ಮೊದಲು ಸಣ್ಣಗೆ, ಆಮೇಲೆ ಹೆದರಿದ ಹಾಗೆ. ನಿಲ್ಲಿಸಿದೆ. ಬಯಲು ಸುಮ್ಮನಿತ್ತು. ಮತ್ತೆ ಅರಚಿದೆ. ಕೊರಕಲಿನ ಅಂಚಿನಲ್ಲಿ ಮ್ಯಾಗ್‌ಪೈಗಳು ಗದ್ದಲ ಎಬ್ಬಿಸಿದವು.

ಬಂತು. ಹಿಮದಂಚಿನ ಒಣಹುಲ್ಲಿನಿಂದ ಬೇರೆಯಾಗಿ, ಬೂದು ಬಣ್ಣದ್ದು, ಉದ್ದ ಕಾಲಿನದು. ಓಡಲಿಲ್ಲ, ಹೆದರಲಿಲ್ಲ, ಅಂಗಡಿಗೆ ಹೋಗುವವರ ಹಾಗೆ ಆರಾಮವಾಗಿ ನಡೆದು ಬಂತು. ಅದರ ಆ ನಡಿಗೆ ನೋಡಿಯೇ ಗೊತ್ತಾಯಿತು, ನನ್ನ ಮರಿಗಳನ್ನು ತಿಂದದ್ದು ಇದೇ. ಮರಿ ಎಂದರೆ ಊಟ, ಊಟಕ್ಕೆ ಹೆದರುವುದೇನು? ಬಯಲಿನ ಮಧ್ಯೆ ಬಂದು ನಿಂತು ಕಿವಿ ನಿಮಿರಿಸಿತು. ಬಂದೂಕು ಕೋಲುಗಳ ಮೇಲಿತ್ತು. ಬಂದೂಕಿನ ದುರ್ಬೀನಿನಲ್ಲಿ ಕಯೋಟಿಯ ಎದೆ ತುಂಬಿತು. ಬೆರಳು ಟ್ರಿಗರ್ ಮೇಲೆ ಹೋಯಿತು.

ಆಗ ಅದರ ಹಿಂದೆ, ಅದೇ ಗೆರೆಯಲ್ಲಿ, ಬಿಳಿ ಬಣ್ಣ ಅಲ್ಲಾಡಿತು.

ಹಿಮ ಅಲ್ಲ, ಚುರಿ. ಬೆಳಗಿನ ಹೊತ್ತು ಕೊರಕಲಿನ ಗಡಿಯನ್ನು ಮೂಸಿಕೊಂಡು ಒಂದು ಸುತ್ತು ಬರುವುದು ಅದರ ಪದ್ಧತಿ. ನಾನೂ ಮಾವನೂ ಕುರಿಯ ಕಿವಿ, ಕಯೋಟಿಯ ಮೂಗು ಎಲ್ಲ ಲೆಕ್ಕ ಹಾಕಿದ್ದೆವು, ಇದನ್ನು ಮರೆತಿದ್ದೆವು. ಕಾಣದ ಮರಿಯೊಂದು ಕೂಗಿತ್ತು, ಚುರಿ ಬರುತ್ತಿತ್ತು, ನೆಲಕ್ಕೆ ಹೊಟ್ಟೆ ತಾಗುವಂತೆ ಓಡುತ್ತಾ. ಗುಂಡು ಕಯೋಟಿಯನ್ನು ದಾಟಿದರೆ, ಅಥವಾ ತಪ್ಪಿದರೆ, ನೇರ ಅದಕ್ಕೆ.

ಬೆರಳು ತೆಗೆದೆ. ಇದು ಹೋದರೆ ಇವತ್ತು ಗೂಟ ಬೀಳುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ತೆಗೆದೆ. ಕಣ್ಣಲ್ಲಿ ನೀರು ತುಂಬಿ ದುರ್ಬೀನು ಮಸುಕಾಯಿತು, ಒರೆಸಿಕೊಳ್ಳಲೂ ಇಲ್ಲ. ಅಲ್ಲಾಡಬಾರದು.

ಕಯೋಟಿಗೆ ಹಿಮದ ಮೇಲಿನ ಕಾಲಿನ ಸದ್ದು ಕೇಳಿತು. ತಿರುಗಿ ನೋಡಿತು, ಒಂದೇ ನೆಗೆತಕ್ಕೆ ಬಲಕ್ಕೆ ಹಾರಿ ಬಯಲಿಗೆ ಅಡ್ಡಲಾಗಿ ಓಡಿತು. ಚುರಿ ಎಡದಲ್ಲಿ ಉಳಿಯಿತು. ನಾನು ಕೋಲುಗಳ ಮೇಲೆ ಬಂದೂಕು ತಿರುಗಿಸಿದೆ, ಹುಟ್ಟಿದಾಗಿನಿಂದ ಗೊತ್ತಿದ್ದ ಆ ದನಿ ಬಂತು. ಒಂದು ಸಣ್ಣ ಮರಿಯ ಕೂಗು.

ಕಯೋಟಿ ನಿಂತಿತು. ಪ್ರಾಣ ಉಳಿಸಿಕೊಳ್ಳುವ ಓಟದಲ್ಲೂ, ಒಂದು ಗಳಿಗೆ, ಆಸೆಗೆ ನಿಂತಿತು. ನಾನು ಹೊಡೆದೆ.

ಅದು ಅಲ್ಲೇ ಬಿತ್ತು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಮುದಿ ಗಂಡು, ಕೋರೆಹಲ್ಲು ಸವೆದಿತ್ತು. ಮೊಲದ ಹಿಂದೆ ಓಡುವ ಕಾಲ ಮುಗಿದಿತ್ತು ಅದಕ್ಕೆ. ಮೇಲಿನ ತುಟಿಗೆ ಒಂದೆಳೆ ಉಣ್ಣೆ ಅಂಟಿಕೊಂಡಿತ್ತು. ನಾನೇ ಕೈಯಿಂದ ಅದರ ಕಣ್ಣು ಮುಚ್ಚಿದೆ.

ಮಾವ ಕುಂಟುತ್ತಾ ಬಂದ. ನೋಡಿದ. "ಹೂಂ," ಎಂದ. ಅಷ್ಟೇ. ನನ್ನ ಭುಜದ ಮೇಲೆ ಕೈಯಿಟ್ಟು, ತೆಗೆಯಲಿಲ್ಲ.

ಚುರಿ ಕಯೋಟಿಯನ್ನು ಒಮ್ಮೆ ಮೂಸಿ ಬಿಟ್ಟುಬಿಟ್ಟಿತು. ಅದಕ್ಕೆ ಬೇಕಾದ್ದು ಅದಲ್ಲ. ನಾನು ಕೂತಿದ್ದ ಪೊದೆಗೆ ಹೋಯಿತು, ಸುತ್ತ ಮೂಸಿತು. ಪಕ್ಕದ ಪೊದೆ, ಅದರ ಪಕ್ಕದ ಪೊದೆ, ಬಂಡೆಯ ಸಂದು. ಹಿಮವನ್ನು ಕಾಲಿನಿಂದ ಕೆರೆದು ನೋಡಿತು. ಕೂಗಿದ ಮರಿ ಎಲ್ಲಿ? ನಾನು ಕರೆದೆ, ಬರಲಿಲ್ಲ. ಮಾವ ಗದರಿದ, ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೆ ಮತ್ತೆ ಅದೇ ಸುತ್ತು, ಕುಂಯ್‌ಗುಡುತ್ತಾ. ಕೊನೆಗೆ ನನ್ನ ಮುಂದೆ ಬಂದು ನಿಂತು, ಮುಂಗಾಲನ್ನು ನನ್ನ ಕೋಟಿಗೆ ಆನಿಸಿ, ನನ್ನ ಬಾಯಿ ಮೂಸಿತು. ಇಷ್ಟು ವರ್ಷದಲ್ಲಿ ಅದು ನನ್ನ ಮೈ ಮುಟ್ಟಿದ್ದು ಅದೇ ಮೊದಲು. ಮರಿಯ ದನಿ ಅಲ್ಲಿಂದ ಬಂದಿದ್ದು ಗೊತ್ತು, ಮರಿ ಇಲ್ಲದಿರುವುದೂ ಗೊತ್ತು, ಎರಡೂ ಅದಕ್ಕೆ ಹೊಂದಲಿಲ್ಲ. ಕೆಳಗಿಳಿದು ಮತ್ತೆ ಪೊದೆಯ ಕಡೆ ಹೋಗಿ, ಅದರ ಬುಡದಲ್ಲಿ ಮಲಗಿಬಿಟ್ಟಿತು. ಮರಿ ಸಿಗುವ ತನಕ ಏಳುವುದಿಲ್ಲ ಅಂತ.

ಅಷ್ಟರಲ್ಲಿ ಹಾರ್ಲನ್‌ನ ಪಿಕಪ್ಪು ದಿನ್ನೆ ಹತ್ತಿ ಬಂತು. ಗುಂಡಿನ ಸದ್ದು ಕೇಳಿ ಬಂದಿದ್ದ. ಹಿಂಬದಿಯಲ್ಲಿ ಒಂದು ಮರದ ಪೆಟ್ಟಿಗೆ, ಸುತ್ತಿಗೆ. ಗೂಟಗಳು. ನನ್ನ ಕಣ್ಣು ಅಲ್ಲಿಗೆ ಹೋದದ್ದನ್ನು ಅವನು ಕಂಡ. ಕಯೋಟಿಯನ್ನು ನೋಡಿದ, ಅದರ ತುಟಿಯ ಉಣ್ಣೆ ನೋಡಿದ.

"ನೀನೇ ಹೊಡ್ದೆಯಾ? ಸುಮ್ನೆ ಕೂತು?"

"ಸುಮ್ನೆ ಎಲ್ಲಿ ಕೂತ್ಳು," ಎಂದ ಮಾವ. "ಬಾಯಿ ಬಡ್ಕೊಂಡೇ ಹೊಡೆದ್ಳು."

ಹಾರ್ಲನ್ ಪೊದೆಯ ಬುಡದಲ್ಲಿ ಮಲಗಿದ್ದ ಚುರಿಯನ್ನು ನೋಡಿ, "ಇದಕ್ಕೇನಾಯ್ತು? ಗಾಯ ಆಯ್ತಾ?" ಎಂದು ಗಾಬರಿಯಿಂದ ಕೇಳಿದ. ಆ ಗಾಬರಿ ನನಗೆ ಇಷ್ಟವಾಯಿತು.

ನಡೆದದ್ದನ್ನು ಹೇಳಿದೆ. ಇಲ್ಲದ ಮರಿಯನ್ನು ಕಾಯುತ್ತಿದೆ, ಬಿಟ್ಟು ಬರುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ದನಿ ಒಡೆಯಿತು. ಹಾರ್ಲನ್ ನಾಯಿಯನ್ನು ನೋಡಿದ. ಆಮೇಲೆ ಪಿಕಪ್ಪಿನ ಮುಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದ. ಈ ತಿಂಗಳಲ್ಲಿ ನಮ್ಮ ಯಾರ ಗಾಡಿಯಲ್ಲಾದರೂ ಹೀಟರಿನ ಮುಂದೆ ಚಳಿಗೆ ಸೆಟೆದ ಒಂದು ತಬ್ಬಲಿ ಮರಿ ಇದ್ದೇ ಇರುತ್ತದೆ. ಅವನ ಗಾಡಿಯಲ್ಲೂ ಇತ್ತು, ಅವನ ಹಳೆಯ ಸ್ವೆಟರಿನಲ್ಲಿ ಸುತ್ತಿಟ್ಟದ್ದು. ಎತ್ತಿಕೊಂಡು ಬಂದು, ಹಿಮದ ಮೇಲೆ ಮಂಡಿಯೂರಿ, ಚುರಿಯ ಮುಂದೆ ಇಟ್ಟ.

ಮರಿ ಕಾಲು ನಡುಗಿಸುತ್ತಾ ನಿಂತು, ಒಮ್ಮೆ ಅರಚಿತು. ನಿಜವಾದ ಕೂಗು.

ಚುರಿ ಎದ್ದಿತು. ಅದನ್ನು ಮೂತಿಯಿಂದ ಬಾಲದ ತನಕ ಮೂಸಿತು, ನೆಕ್ಕಿತು, ಮತ್ತೆ ನೆಕ್ಕಿತು. ಆಮೇಲೆ ನಮ್ಮ ಮೂವರ ಕಡೆಗೂ ನೋಡದೆ, ಮರಿಯ ಪಕ್ಕದಲ್ಲಿ, ಮರಿ ನಿಂತಾಗ ನಿಲ್ಲುತ್ತಾ ನಡೆದಾಗ ನಡೆಯುತ್ತಾ, ನನ್ನ ಮಂದೆಯ ಕಡೆ ಹೊರಟಿತು.

"ಅದು ನನ್ ಮರಿ," ಎಂದ ಹಾರ್ಲನ್, ಮಂಡಿ ಕೊಡವಿಕೊಳ್ಳುತ್ತಾ.

"ಹೋಗಿ ಕೇಳು ಚುರೀನ," ಎಂದೆ.

ಅವನು ಟೋಪಿ ಸರಿಮಾಡಿಕೊಂಡು ಪಿಕಪ್ಪು ಹತ್ತಿ, ಬಂದ ದಾರಿಯಲ್ಲೇ ತಿರುಗಿಸಿದ. ಹೊಳೆಯ ಕಡೆ ಹೋಗಲಿಲ್ಲ. ಗೂಟಗಳ ಪೆಟ್ಟಿಗೆ ಅವನ ಕೊಟ್ಟಿಗೆಯ ಅಟ್ಟಕ್ಕೆ ಹೋಯಿತು, ಹುಲ್ಲುಗಾವಲಿಗೆ ಕುರಿ ದಾಟಿಸಿದ ದಿನವೂ ಅಲ್ಲೇ ಇತ್ತು. ಆ ಮರಿ ಈಗ ದೊಡ್ಡ ಕುರಿ, ನನ್ನ ಮಂದೆಯಲ್ಲೇ ಇದೆ, ಹೋದ ಮಾರ್ಚಿನಲ್ಲಿ ಅವಳಿ ಹಾಕಿತು. ಹಾರ್ಲನ್ ಬೇಲಿಯ ಹತ್ತಿರ ಸಿಕ್ಕಾಗಲೆಲ್ಲ ಮೊದಲು ಕೇಳುವುದು ಅದನ್ನೇ.

"ನನ್ ಮರಿ ಹೇಗಿದೆಯೇ?"

"ನಿನ್ದಲ್ಲ ಅದು, ಚುರೀದು," ಎನ್ನುತ್ತೇನೆ.